ಮಂಗಳವಾರ ರಾತ್ರಿಯ ಹೋಟೆಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳನ್ನು ಒಂದು ಕಡೆ ಕೂರಿಸಿದರೆ ಅವರು ಎರಡು ವಿಷಯಕ್ಕೆ ಜಗಳ ಆಡುತ್ತಾರೆ. ಯಾರ ತಂಡ ದೊಡ್ಡದು ಎಂಬುದು ಒಂದು. ಯಾರ ಊರಿನ ಊಟ ಚೆನ್ನ ಎಂಬುದು ಇನ್ನೊಂದು. ಮೊದಲನೆಯದು ಶನಿವಾರ ಪಂದ್ಯ ಮುಗಿಯುವ ಹೊತ್ತಿಗೆ ಬಗೆಹರಿಯುತ್ತದೆ. ಎರಡನೆಯದು ವರ್ಷಗಟ್ಟಲೆ ನಡೆಯುತ್ತದೆ, ತಂಡ ಸೋತ ದಿನ ಇನ್ನಷ್ಟು ಜೋರಾಗುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಎರಡನೆಯ ಜಗಳದ ಬಗ್ಗೆ.

ಈ ಊರುಗಳು ಎಂಥವು ಎಂದು ಮೊದಲು ಹೇಳಿಬಿಡುತ್ತೇನೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಸ್ಟೇಟ್ ಕಾಲೇಜ್ ಅಂತಲೇ ಹೆಸರಿರುವ ಊರಿದೆ. ಜನಸಂಖ್ಯೆ ಸುಮಾರು 40,000. ಅಲ್ಲಿಯ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಅಂದರೆ ಇಡೀ ಊರೇ ಎದ್ದು ಹೋಗಿ ಕೂತರೂ ಅರ್ಧ ಕ್ರೀಡಾಂಗಣ ತುಂಬುವುದಿಲ್ಲ. ತವರಿನ ಪಂದ್ಯಗಳು ವರ್ಷಕ್ಕೆ ಆರೋ, ಏಳೋ, ಎಂಟೋ. ಆ ಶನಿವಾರಗಳಲ್ಲಿ ಎಲ್ಲ ಹೋಟೆಲ್‌ಗಳ ಮುಂದೆಯೂ ಸಾಲು. ಕೆಟ್ಟ ಹೋಟೆಲ್‌ಗೂ ಸಾಲು.

ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ದೂರದಿಂದ ಬಂದ ಅಭಿಮಾನಿ ಶನಿವಾರ ಒಂದು ಕಡೆ ಉಂಡು, ಗೆದ್ದ ಖುಷಿಯಲ್ಲೋ ಸೋತ ಸಿಟ್ಟಿನಲ್ಲೋ ಊರಿಗೆ ಮರಳಿ, ಆ ಹೋಟೆಲ್ ಹೀಗೆ, ಆ ಊರು ಹಾಗೆ ಎಂದು ತೀರ್ಪು ಕೊಡುತ್ತಾನೆ. ಅದನ್ನು ನಾನು ಒಪ್ಪುವುದಿಲ್ಲ. ಕಾಲೇಜು ಊರಿನ ಹೋಟೆಲನ್ನು ಅಳೆಯಬೇಕಾದದ್ದು ಮಂಗಳವಾರ ರಾತ್ರಿ. ಪಂದ್ಯವಿಲ್ಲ, ಅತಿಥಿಗಳಿಲ್ಲ, ಮರುದಿನ ಪರೀಕ್ಷೆಯಿದೆ, ಜೇಬಿನಲ್ಲಿ ಕೆಲವೇ ಡಾಲರ್ ಇವೆ. ಆಗ ಹತ್ತೊಂಬತ್ತು ವರ್ಷದ ಹುಡುಗ ಅಥವಾ ಹುಡುಗಿ ಯಾವ ಬಾಗಿಲು ತಳ್ಳುತ್ತಾರೋ ಅದು ಆ ಊರಿನ ಹೋಟೆಲ್.

ಈ ಅಳತೆಗೋಲನ್ನು ಹಿಡಿದು ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್‌ಗೆ ಹೋಗೋಣ. ಅಲ್ಲಿಯ ಊಟದ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಝಿಂಗರ್‌ಮನ್ಸ್. 1982ರಲ್ಲಿ ಶುರುವಾದ ಅಂಗಡಿ. ಅದರ ರೂಬೆನ್ ಸ್ಯಾಂಡ್‌ವಿಚ್‌ಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಒಳ್ಳೆಯ ಬ್ರೆಡ್ಡು, ಒಳ್ಳೆಯ ಮಾಂಸ, ಒಳ್ಳೆಯ ಚೀಸು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅಭಿಮಾನಿಗಳಲ್ಲೇ ಇನ್ನೊಂದು ಪಂಗಡವಿದೆ. ಅದು ಅಪ್ಪ ಅಮ್ಮ ನೋಡಲು ಬಂದಾಗ ಅವರ ದುಡ್ಡಿನಲ್ಲಿ ತಿನ್ನುವ ಜಾಗ ಎನ್ನುತ್ತಾರೆ ಅವರು. ಅವರ ಓಟು ಬ್ಲಿಂಪಿ ಬರ್ಗರ್‌ಗೆ. ಅದು 1953ರಿಂದ ಇದೆ. ಅಲ್ಲಿ ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಎಣ್ಣೆಯಲ್ಲಿ ಕರಿಯುವಂಥದ್ದು ಏನಾದರೂ ಬೇಕಿದ್ದರೆ ಅದನ್ನು ಮೊದಲು ಹೇಳಬೇಕು. ಆಮೇಲೆ ಎಷ್ಟು ಮಾಂಸದ ಬಿಲ್ಲೆ, ಯಾವ ಬನ್ನು, ಈರುಳ್ಳಿ ಅಣಬೆ ಹುರಿದು ಹಾಕಬೇಕೆ ಎಂಬುದು. ಚೀಸು ಯಾವುದು ಎಂದು ಅವರು ಕೇಳಿದಾಗ ಮಾತ್ರ ಹೇಳಬೇಕು. ಕ್ರಮ ತಪ್ಪಿದರೆ ಒಲೆಯ ಹಿಂದಿನಿಂದ ಗದರಿಕೆ ಬರುತ್ತದೆ. ಹೊಸಬ ವಿದ್ಯಾರ್ಥಿಗೆ ಅದು ಊರಿನ ಮೊದಲ ಪಾಠ. ಎರಡನೆಯ ವರ್ಷದ ಹೊತ್ತಿಗೆ ಅವನೇ ಇನ್ನೊಬ್ಬನಿಗೆ ಆ ಕ್ರಮ ಕಲಿಸುತ್ತಿರುತ್ತಾನೆ. ಆ್ಯನ್ ಆರ್ಬರ್‌ನ ಜಗಳದಲ್ಲಿ ನಾನು ಬ್ಲಿಂಪಿಯ ಪಕ್ಷ.

ಆದರೆ ಬ್ಲಿಂಪಿ ಈಗ ಹಳೆಯ ಜಾಗದಲ್ಲಿಲ್ಲ. ಅದಿದ್ದ ಕಡೆ ವಿಶ್ವವಿದ್ಯಾಲಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಸತಿ ಕಟ್ಟಡ ಕಟ್ಟಿತು. ಹೋಟೆಲ್ 2014ರಲ್ಲಿ ಬೇರೆ ಬೀದಿಯಲ್ಲಿ ಬಾಗಿಲು ತೆರೆಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ದಕ್ಷಿಣಕ್ಕೆ, ಅಲಬಾಮಾ ರಾಜ್ಯದ ಟಸ್ಕಲೂಸಾಗೆ. 1958ರಲ್ಲಿ ಅಲ್ಲಿ ಎರಡು ಕೆಲಸ ಆಯಿತು. ಬೇರ್ ಬ್ರಯಂಟ್ ಎಂಬ ತರಬೇತುದಾರ ಅಲಬಾಮಾ ತಂಡಕ್ಕೆ ಬಂದರು. ಮುಂದೆ ಅವರ ಕೈಯಲ್ಲಿ ತಂಡ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಜಾನ್ ಬಿಷಪ್ ಎಂಬ ಕಪ್ಪುವರ್ಣೀಯ ಗಾರೆ ಕೆಲಸಗಾರ ಡ್ರೀಮ್‌ಲ್ಯಾಂಡ್ ಎಂಬ ಸಣ್ಣ ಹೋಟೆಲ್ ತೆರೆದರು. ಊರಿನವರು ಅವರನ್ನು ಬಿಗ್ ಡ್ಯಾಡಿ ಎಂದು ಕರೆಯುತ್ತಿದ್ದರು. ದೇವರು ಕನಸಿನಲ್ಲಿ ಬಂದು ಹೋಟೆಲ್ ಕಟ್ಟು ಎಂದು ಹೇಳಿದ, ಅದಕ್ಕೇ ಆ ಹೆಸರು ಎನ್ನುವ ಕಥೆ ಹೋಟೆಲ್‌ನ ಜತೆಗೇ ಬೆಳೆದುಬಂದಿದೆ.

ಹಿಕರಿ ಮರದ ಕಟ್ಟಿಗೆಯ ಬೆಂಕಿ. ಅದರ ಮೇಲೆ ಹಂದಿಯ ಪಕ್ಕೆಲುಬುಗಳು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ, ಹೊಗೆಯೆದ್ದು, ಅದೇ ಹೊಗೆ ಮತ್ತೆ ಮಾಂಸಕ್ಕೆ ಹತ್ತುತ್ತದೆ. ಬಹಳ ಕಾಲ ಅಲ್ಲಿ ಸಿಗುತ್ತಿದ್ದದ್ದು ಇಷ್ಟೇ: ಪಕ್ಕೆಲುಬು, ಬಿಳಿ ಬ್ರೆಡ್ಡು, ಸಾಸು, ಕುಡಿಯಲು ಏನಾದರೂ. ಪಲ್ಯವಿಲ್ಲ, ಸಲಾಡಿಲ್ಲ. ಬ್ರೆಡ್ಡಿನ ಚೂರಿನಿಂದ ತಟ್ಟೆಯ ಸಾಸನ್ನು ಒರೆಸಿ ಬಾಯಿಗಿಟ್ಟರೆ ಊಟ ಮುಗಿಯಿತು.

ಈ ಹೋಟೆಲ್ ತೆರೆದಾಗ ಆ ಊರಿನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಒಬ್ಬ ಕಪ್ಪುವರ್ಣೀಯ ವಿದ್ಯಾರ್ಥಿಯೂ ಓದುತ್ತಿರಲಿಲ್ಲ. ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಅಲ್ಲಿ ಹೆಸರು ನೋಂದಾಯಿಸಿದ್ದು 1963ರ ಜೂನ್‌ನಲ್ಲಿ. ಬಾಗಿಲಿಗೆ ಅಡ್ಡ ನಿಂತದ್ದು ಸ್ವತಃ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್. ನದಿಯ ಆಚೆ ದಡದ ನಾರ್ತ್‌ಪೋರ್ಟ್‌ನಲ್ಲಿ ಇನ್ನೊಂದು ಕಪ್ಪುವರ್ಣೀಯ ಕುಟುಂಬ 1962ರಲ್ಲಿ ಆರ್ಚಿಬಾಲ್ಡ್ಸ್ ಎಂಬ ಬಾರ್ಬೆಕ್ಯೂ ಹೋಟೆಲ್ ತೆರೆದಿತ್ತು. ಇವತ್ತು ಅಲಬಾಮಾ ಅಭಿಮಾನಿಗಳು ಡ್ರೀಮ್‌ಲ್ಯಾಂಡ್ ಮೇಲೋ ಆರ್ಚಿಬಾಲ್ಡ್ಸ್ ಮೇಲೋ ಎಂದು ಗಂಟಲು ಹರಿದುಕೊಳ್ಳುವಾಗ, ತಮ್ಮ ಊರಿನ ರುಚಿ ಎಂದು ಎರಡೂ ಕಡೆಯವರು ಎದೆ ತಟ್ಟಿ ಹೇಳುವುದು ಆ ಎರಡು ಒಲೆಗಳ ಅಡುಗೆಯನ್ನು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಹೊತ್ತಿಸಿದ ಒಲೆಗಳು ಅವು. ಈ ಚರಿತ್ರೆ ಗೊತ್ತಿಲ್ಲದೆ ಅಲ್ಲಿಯ ಊಟದ ಬಗ್ಗೆ ತೀರ್ಪು ಕೊಡುವವರ ಮಾತಿಗೆ ನಾನು ಬೆಲೆ ಕೊಡಲಾರೆ.

ಅಲಬಾಮಾ ತಂಡದ ಎದುರಾಳಿ ಅದೇ ರಾಜ್ಯದ ಆಬರ್ನ್ ಊರಿನ ತಂಡ. ಇವರಿಬ್ಬರ ಹಗೆ ಎಷ್ಟೆಂದರೆ, 2010ರ ಪಂದ್ಯದಲ್ಲಿ ಆಬರ್ನ್ ಗೆದ್ದ ಮೇಲೆ ಅಲಬಾಮಾದ ಒಬ್ಬ ಅಭಿಮಾನಿ ಆಬರ್ನ್‌ನ ಟೂಮರ್ಸ್ ಕಾರ್ನರ್‌ನಲ್ಲಿದ್ದ ಹಳೆಯ ಓಕ್ ಮರಗಳಿಗೆ ವಿಷ ಹಾಕಿದ. 2013ರಲ್ಲಿ ಅವನ್ನು ಕಡಿಯಬೇಕಾಯಿತು. ಆ ಮೂಲೆಯ ಟೂಮರ್ಸ್ ಅಂಗಡಿಯಲ್ಲಿ ಈಗಲೂ ನಿಂಬೆ ಪಾನಕ ಕುಡಿಯಲು ಜನ ನಿಲ್ಲುತ್ತಾರೆ. ಅಂಥ ಊರುಗಳ ನಡುವೆಯೂ ಊಟದ ಜಗಳ ಮಾತಿನಲ್ಲೇ ಮುಗಿಯುತ್ತದೆ ಎಂಬುದು ನನಗೆ ದೊಡ್ಡ ಸಮಾಧಾನ.

ಆಬರ್ನ್‌ನ ಹೆಸರು ಇನ್ನೊಂದು ಕಾರಣಕ್ಕೂ ಬರಬೇಕು. ಎಲುಬಿಲ್ಲದ ಕೋಳಿಮಾಂಸವನ್ನು ಉದ್ದುದ್ದಕ್ಕೆ ಕತ್ತರಿಸಿ, ಹಿಟ್ಟಿನಲ್ಲಿ ಹೊರಳಿಸಿ ಕರಿದ ಚಿಕನ್ ಫಿಂಗರ್ಸ್ ಇವತ್ತು ಅಮೆರಿಕದ ಹೆದ್ದಾರಿಗಳ ಉದ್ದಕ್ಕೂ ಸಿಗುತ್ತದೆ. ಗಥ್ರೀಸ್ ಎಂಬ ಹೋಟೆಲ್ 1982ರಲ್ಲಿ ಆಬರ್ನ್‌ನಲ್ಲಿ ಅದೊಂದನ್ನೇ ನಂಬಿ ಅಂಗಡಿ ತೆರೆಯಿತು. ಚಿಕನ್ ಫಿಂಗರ್ಸ್‌ಗೇ ಹೆಸರಾದ ಇನ್ನೆರಡು ಸರಪಳಿ ಹೋಟೆಲ್‌ಗಳಿವೆ. ಝಾಕ್ಸ್‌ಬೀಸ್ 1990ರಲ್ಲಿ ಶುರುವಾದದ್ದು ಜಾರ್ಜಿಯಾ ರಾಜ್ಯದ ಸ್ಟೇಟ್ಸ್‌ಬರೋದಲ್ಲಿ, ಅದೂ ಕಾಲೇಜು ಊರು. ರೇಝಿಂಗ್ ಕೇನ್ಸ್ 1996ರಲ್ಲಿ ಹುಟ್ಟಿದ್ದು ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, ವಿಶ್ವವಿದ್ಯಾಲಯದ ಗೇಟಿನ ಬಳಿ. ಮೂರೂ ಕಾಲೇಜು ಊರುಗಳಲ್ಲೇ ಬೇರೂರಿದ್ದು ಸಹಜ. ಬೇಗ ಆಗಬೇಕು, ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಸರಿರಾತ್ರಿಯಲ್ಲೂ ಸಿಗಬೇಕು, ಬೆಲೆ ಕೈಗೆಟುಕಬೇಕು. ಹೀಗೆ ಕೇಳುವ ಗಿರಾಕಿಗಳು ಸಾವಿರಗಟ್ಟಲೆ ಒಂದೇ ಮೈಲಿಯೊಳಗೆ ಸಿಗುವುದು ಕಾಲೇಜು ಊರಿನಲ್ಲಿ. ಸರಪಳಿ ಹೋಟೆಲ್‌ಗಳನ್ನು ಹಳಿಯುವ ಅಭಿಮಾನಿಗಳು ಇದನ್ನೊಮ್ಮೆ ನೆನೆಯಬೇಕು. ಅವುಗಳಲ್ಲಿ ಕೆಲವು ಒಂದು ಕಾಲಕ್ಕೆ ಯಾರದೋ ಊರಿನಲ್ಲಿ ಮಾತ್ರ ಇದ್ದ ಒಂಟಿ ಅಂಗಡಿಯಾಗಿದ್ದವು.

ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ ಗ್ರೋವ್ ಎಂಬ ಮರಗಳ ತೋಪಿದೆ. ಪಂದ್ಯದ ದಿನ ಅಲ್ಲಿ ಸಾಲುಸಾಲು ಡೇರೆ ಎದ್ದು, ಒಳಗೆ ಬಿಳಿ ಮೇಜುಬಟ್ಟೆ ಹಾಸಿ, ತೂಗುದೀಪ ಕಟ್ಟಿ, ಮನೆಯಿಂದ ತಂದದ್ದನ್ನು ಬಡಿಸುತ್ತಾರೆ. ನೋಡಲು ಚೆಂದ. ಆದರೆ ಅದು ಹೋಟೆಲ್ ಅಲ್ಲ, ಪೂರ್ತಿಯಾಗಿ ಶನಿವಾರದ್ದು. ಹಾಗಾಗಿ ಅದನ್ನು ಅಲ್ಲಿಗೇ ಬಿಡುತ್ತೇನೆ.

ನೆಬ್ರಾಸ್ಕಾದ ಲಿಂಕನ್ ಬೇರೆ ಬಗೆ. ಅಲ್ಲಿ ಒಂದು ತಿಂಡಿಯ ವಿಷಯದಲ್ಲಿ ಜಗಳವೇ ಇಲ್ಲ. ರನ್‌ಝಾ ಎಂದು ಅದರ ಹೆಸರು. ದನದ ಮಾಂಸದ ಕೈಮ, ಎಲೆಕೋಸು, ಈರುಳ್ಳಿ ಹುರಿದು, ಕಡುಬಿಗೆ ಹೂರಣ ತುಂಬುವ ಹಾಗೆ ಬ್ರೆಡ್ಡಿನ ಕಣಕದೊಳಗೆ ತುಂಬಿ ಬೇಯಿಸಿದ್ದು. ರಷ್ಯಾದ ವೋಲ್ಗಾ ತೀರದಲ್ಲಿ ನೆಲೆಸಿದ್ದ ಜರ್ಮನ್ನರು ಅಮೆರಿಕಕ್ಕೆ ಬರುವಾಗ ಜತೆಗೆ ತಂದ ಅಡುಗೆ. 1949ರಲ್ಲಿ ಸ್ಯಾಲಿ ಎವರೆಟ್ ಎಂಬವರು ತಮ್ಮ ಸೋದರನೊಂದಿಗೆ ಲಿಂಕನ್‌ನಲ್ಲಿ ಅದನ್ನು ಮಾರಲು ಶುರುಮಾಡಿದರು. 2020ರ ಕೋವಿಡ್ ವರ್ಷ ಬಿಟ್ಟರೆ 1962ರಿಂದ ಒಂದೂ ಪಂದ್ಯ ಬಿಡದೆ ಟಿಕೆಟ್ ಪೂರ್ತಿ ಮಾರಾಟವಾಗುವ ಕ್ರೀಡಾಂಗಣದಲ್ಲಿ ಚಳಿಗೆ ಕೈ ಬೆಚ್ಚಗಾಗಲು ಅದನ್ನು ಕೊಳ್ಳುತ್ತಾರೆ, ಮಂಗಳವಾರ ಊರಿನಲ್ಲೂ ಅದನ್ನೇ ತಿನ್ನುತ್ತಾರೆ.

ಸ್ಟೇಟ್ ಕಾಲೇಜ್‌ಗೆ ವಾಪಸು ಬರುತ್ತೇನೆ, ಅದನ್ನು ಬಿಡಲಾಗದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ತನ್ನದೇ ಹಸುಗಳಿವೆ, ತನ್ನದೇ ಡೈರಿ ಇದೆ, ಬರ್ಕಿ ಕ್ರೀಮರಿ ಎಂದು. 1892ರಿಂದ ಅಲ್ಲಿ ಐಸ್‌ಕ್ರೀಮ್ ಮಾಡುವುದನ್ನು ಪಾಠವಾಗಿ ಕಲಿಸುತ್ತಿದ್ದಾರೆ. ಬೆನ್ ಆ್ಯಂಡ್ ಜೆರೀಸ್ ಕಂಪನಿ ಕಟ್ಟಿದ ಇಬ್ಬರು ಗೆಳೆಯರು ಐಸ್‌ಕ್ರೀಮ್ ಕಲಿತದ್ದು ಇದೇ ವಿಶ್ವವಿದ್ಯಾಲಯದ 5 ಡಾಲರ್ ಶುಲ್ಕದ ಅಂಚೆ ಪಾಠದಿಂದ. ಕ್ರೀಮರಿಯಲ್ಲಿ ಒಂದು ನಿಯಮ: ಒಂದು ಕಪ್ಪಿನಲ್ಲಿ ಒಂದೇ ರುಚಿ, ಎರಡನ್ನು ಬೆರೆಸಿ ಕೊಡುವುದಿಲ್ಲ. 1996ರಲ್ಲಿ ಬಂದಿದ್ದ ಅಧ್ಯಕ್ಷ ಬಿಲ್ ಕ್ಲಿಂಟನ್‌ಗೆ ಮಾತ್ರ ರಿಯಾಯಿತಿ ಸಿಕ್ಕಿತು ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ.

ಅದೇ ಊರಿನ ಹಳೆಯ ಡೈನರ್‌ನಲ್ಲಿ ಗ್ರಿಲ್ಡ್ ಸ್ಟಿಕ್ಕಿ ಎಂಬ ತಿಂಡಿ ಇತ್ತು. ಸಕ್ಕರೆ, ದಾಲ್ಚಿನ್ನಿ ಹಾಕಿದ ಅಂಟಂಟು ಬನ್ನನ್ನು ಸೀಳಿ, ಬೆಣ್ಣೆ ಸವರಿ ಕಾವಲಿಯ ಮೇಲೆ ಬೋರಲು ಹಾಕುತ್ತಿದ್ದರು. ಸಕ್ಕರೆ ಕರಗಿ, ಅಂಚು ಗರಿಗರಿಯಾಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ತಟ್ಟೆಗೆ ಹಾಕಿ, ಬಿಸಿಯಿದ್ದಾಗಲೇ ಐಸ್‌ಕ್ರೀಮ್ ಇಟ್ಟು ಕೊಡುತ್ತಿದ್ದರು. ಆ ಡೈನರ್ 2018ರಲ್ಲಿ ಮುಚ್ಚಿತು. ಜಾರ್ಜಿಯಾದ ಆಥೆನ್ಸ್‌ನಲ್ಲಿದ್ದ ವಾರ್ಸಿಟಿ ಎಂಬ ಹೋಟೆಲ್ 2021ರಲ್ಲಿ ಮುಚ್ಚಿತು. ಬ್ಲಿಂಪಿ ಜಾಗ ಬದಲಿಸಿದ್ದನ್ನು ಆಗಲೇ ಹೇಳಿದೆ. ಕ್ಯಾಂಪಸ್ ಪಕ್ಕದ ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ತಗ್ಗಿನ ಒಂದಂತಸ್ತಿನ ಹೋಟೆಲ್ ಇದ್ದ ಕಡೆ ಬಹುಮಹಡಿ ವಸತಿ ಕಟ್ಟಡ ಹೆಚ್ಚು ಬಾಡಿಗೆ ತರುತ್ತದೆ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಮುಚ್ಚಿಹೋದ ಹೋಟೆಲ್‌ನ ಹೆಸರು, ಅಲ್ಲಿ ಯಾವ ಮೇಜಿನಲ್ಲಿ ಕೂರುತ್ತಿದ್ದೆವು, ಏನು ತಿನ್ನುತ್ತಿದ್ದೆವು ಎಂಬುದೆಲ್ಲ ಈಗ ಉಳಿದಿರುವುದು ಅಭಿಮಾನಿಗಳ ವಾದದಲ್ಲಿ ಮಾತ್ರ. ಅದಕ್ಕೇ ಈ ಜಗಳ ನಿಲ್ಲಬಾರದು ಎಂದು ನನ್ನ ಆಸೆ.

ಶನಿವಾರದ ದುಡ್ಡಿಲ್ಲದೆ ಮಂಗಳವಾರದ ಒಲೆ ಉರಿಯುವುದಿಲ್ಲ ಎಂಬುದನ್ನೂ ಹೇಳಬೇಕು. 2020ರಲ್ಲಿ ಕೋವಿಡ್‌ನಿಂದಾಗಿ, ಪೆನ್ ಸ್ಟೇಟ್, ಮಿಶಿಗನ್, ನೆಬ್ರಾಸ್ಕಾ ತಂಡಗಳಿರುವ ಬಿಗ್ ಟೆನ್ ಒಕ್ಕೂಟದ ಪಂದ್ಯಗಳಿಗೆ ಸಾರ್ವಜನಿಕರಿಗೆ ಟಿಕೆಟ್ ಕೊಡಲಿಲ್ಲ. ಆ ಶರತ್ಕಾಲದಲ್ಲಿ ಈ ಊರುಗಳ ಹೋಟೆಲ್‌ನವರು ಬಿಕೋ ಎನ್ನುವ ಬೀದಿ ನೋಡುತ್ತ ಕೂತರು. ಆರೇಳು ವಾರಾಂತ್ಯದ ಸಂಪಾದನೆಯೇ ಬೇಸಿಗೆ ರಜೆಯ ಖಾಲಿ ತಿಂಗಳುಗಳನ್ನು ದಾಟಿಸುವುದು. ಹಾಗಾಗಿ ಹೊರಗಿನಿಂದ ಬರುವ ಅಭಿಮಾನಿಗಳನ್ನು ನಾನು ದೂರುವುದಿಲ್ಲ, ಬರಲಿ, ತಿನ್ನಲಿ. ತೀರ್ಪನ್ನಷ್ಟೇ ಊರಿನವರಿಗೆ ಬಿಡಲಿ.

ನನ್ನ ಓಟು ಯಾರಿಗೆ ಎಂದು ಕೇಳಿದರೆ, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ಗೆ, ರಟ್ಗರ್ಸ್ ವಿಶ್ವವಿದ್ಯಾಲಯದ ಊರಿಗೆ. ಕಾಲೇಜುಗಳ ನಡುವಿನ ಮೊದಲ ಫುಟ್‌ಬಾಲ್ ಪಂದ್ಯ ನಡೆದದ್ದೂ ಅಲ್ಲೇ, 1869ರ ನವೆಂಬರ್ 6ರಂದು. ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿತು. ಆದರೆ ನಾನು ಓಟು ಹಾಕುವುದು ಅದಕ್ಕಲ್ಲ. ಆ ಕ್ಯಾಂಪಸ್ಸಿನಲ್ಲಿ ತಿಂಡಿ ಗಾಡಿಗಳ ಸಾಲೊಂದಿತ್ತು, ಗ್ರೀಸ್ ಟ್ರಕ್ಸ್ ಎಂದು ವಿದ್ಯಾರ್ಥಿಗಳು ಕರೆಯುತ್ತಿದ್ದರು. 1997ರಲ್ಲಿ ಒಬ್ಬ ವಿದ್ಯಾರ್ಥಿಗೆ ಚಿಕನ್ ಫಿಂಗರ್ಸ್, ಕರಿದ ಚೀಸು, ಆಲೂಗಡ್ಡೆ ಫ್ರೈಸ್ ಮೂರೂ ಬೇಕೆನಿಸಿತು. ಮೂರನ್ನೂ ಬೇರೆಬೇರೆಯಾಗಿ ಕೊಳ್ಳಲು ದುಡ್ಡು ಸಾಲದು. ಎಲ್ಲವನ್ನೂ ಒಂದೇ ಉದ್ದ ಬನ್ನಿನೊಳಗೆ ತುಂಬಿ, ಮೇಲೆ ಟೊಮೆಟೊ ಸಾಸು ಸುರಿದು ಕೊಡಿ ಎಂದು ಗಾಡಿಯವರನ್ನು ಕೇಳಿದ. ಅವರು ಕೊಟ್ಟರು. ಸಾಲಿನಲ್ಲಿ ಹಿಂದೆ ನಿಂತಿದ್ದವರು ತಮಗೂ ಅದೇ ಬೇಕೆಂದರು. ಅದಕ್ಕೆ ಅವನ ಹೆಸರೇ ನಿಂತಿತು, ಫ್ಯಾಟ್ ಡೆರಲ್. 2013ರಲ್ಲಿ ಗಾಡಿಗಳು ಆ ಜಾಗದಿಂದ ಹೋಗಬೇಕಾಯಿತು, ಅಲ್ಲೂ ವಿದ್ಯಾರ್ಥಿ ವಸತಿ ಕಟ್ಟಡ ಬಂತು. ಸ್ಯಾಂಡ್‌ವಿಚ್ ಮಾತ್ರ ಊರು ಬಿಟ್ಟು ಹೋಗಲಿಲ್ಲ, ಈಗಲೂ ಸಿಗುತ್ತದೆ. ದೊಡ್ಡ ಅಡುಗೆಯವರು ಯಾರೂ ಅದನ್ನು ಕಂಡುಹಿಡಿಯಲಿಲ್ಲ, ಪಂದ್ಯದ ಅತಿಥಿಗಳಿಗೆಂದು ಮಾಡಿದ್ದೂ ಅಲ್ಲ. ಹಸಿದ ಹುಡುಗ ಕೇಳಿದ, ಗಾಡಿಯವರು ಇಲ್ಲ ಎನ್ನಲಿಲ್ಲ. ಅಲಬಾಮಾದವರೂ ಪೆನ್ ಸ್ಟೇಟ್‌ನವರೂ ನನ್ನ ಮೇಲೆ ಮುನಿಸಿಕೊಂಡರೂ ಪರವಾಗಿಲ್ಲ, ನನ್ನ ಓಟು ಅದಕ್ಕೇ.

ನಮಸ್ಕಾರ.