ಕಾರ್ಡಿನ ವೇಗಕ್ಕಿಂತ ಮೊದಲು ನೋಡಬೇಕಾದದ್ದು

ಎಲ್ಲರಿಗೂ ನಮಸ್ಕಾರ. ವಿಡಿಯೊ ಸಂಕಲನ, ತ್ರೀಡಿ ಚಿತ್ರಣ, ಫೋಟೊ ತಿದ್ದುವಿಕೆ ಇವುಗಳಲ್ಲಿ ಒಂದನ್ನೋ ಎರಡನ್ನೋ ಜೀವನೋಪಾಯ ಮಾಡಿಕೊಂಡವರೇ ಈ ಸಭೆಯಲ್ಲಿ ಹೆಚ್ಚಾಗಿರುವುದರಿಂದ, ಯಾವ ಆಟದಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್ ಕೊಡುತ್ತದೆ ಎಂಬ ಪಟ್ಟಿಗಳನ್ನು ನಾನು ಬದಿಗಿಡುತ್ತೇನೆ. ಆ ಪಟ್ಟಿಗಳು ಸುಳ್ಳೆಂದಲ್ಲ. ಅವು ಹೇಳುವುದು ವೇಗವನ್ನು. ವೇಗ ಕಡಿಮೆಯಾದರೆ ನಮ್ಮ ಕೆಲಸ ತಡವಾಗುತ್ತದೆ, ಆದರೆ ಕಾರ್ಡಿನ ಮೆಮೊರಿ ಸಾಲದೆ ಹೋದರೆ ಕೆಲಸವೇ ನಿಂತುಬಿಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಹಳೆಯ ದೇವಸ್ಥಾನದ ಮಂಟಪವೊಂದನ್ನು ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಕಂಬದ ಕಲ್ಲಿಗೆ ಹಚ್ಚುವ ಚಿತ್ರ ಅಗಲದಲ್ಲಿ 8192, ಎತ್ತರದಲ್ಲಿ 8192 ಪಿಕ್ಸೆಲ್ ಇದ್ದು, ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕಾದರೆ, ಆ ಒಂದು ಚಿತ್ರವೇ 256 ಎಂಬಿ ಆಗುತ್ತದೆ. ಡಿಸ್ಕಿನಲ್ಲಿ ಅದೇ ಚಿತ್ರ ಜೆಪೆಗ್ ರೂಪದಲ್ಲಿ ಎಷ್ಟೋ ಚಿಕ್ಕದಾಗಿ ಕುಳಿತಿರುವುದರಿಂದ ನಾವು ಮೋಸ ಹೋಗುತ್ತೇವೆ; ಕಾರ್ಡಿಗೆ ಏರುವಾಗ ಅದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಣ್ಣಕ್ಕೊಂದು, ಉಬ್ಬುತಗ್ಗಿನ ನಾರ್ಮಲ್ ಮ್ಯಾಪ್‌ಗೊಂದು ಎಂದರೆ 512 ಎಂಬಿ. ಕಂಬ, ನೆಲಹಾಸು, ಮೆಟ್ಟಿಲು, ಚಾವಣಿ ಎಂದು ಹನ್ನೆರಡು ಬಗೆಯ ಕಲ್ಲು ಸೇರಿದರೆ 6 ಜಿಬಿ. ಇದಿನ್ನೂ ಬರಿಯ ಹೊದಿಕೆ. ಕೆತ್ತನೆಯ ಜಾಲಾಕೃತಿ, ರೆಂಡರ್‌ಗೆ, ಅಂದರೆ ದೃಶ್ಯದಿಂದ ಅಂತಿಮ ಚಿತ್ರ ತೆಗೆಯುವುದಕ್ಕೆ, ಬೇಕಾದ ಒಳಲೆಕ್ಕ, ವಿಂಡೋಸ್ ತನ್ನ ಪಾಲಿಗೆ ಹಿಡಿದಿಟ್ಟುಕೊಳ್ಳುವ ಜಾಗ ಎಲ್ಲವೂ ಬಾಕಿ ಇವೆ. 8 ಜಿಬಿ ಕಾರ್ಡ್ ಇಲ್ಲಿಗೆ ತುಂಬಿತು. ಆಮೇಲೆ ರೆಂಡರ್ ದೋಷದ ಸಂದೇಶ ಕೊಟ್ಟು ನಿಲ್ಲುತ್ತದೆ, ಇಲ್ಲವೇ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೊರಳಿ ಆಮೆನಡಿಗೆಗಿಳಿಯುತ್ತದೆ. ದೂರದ ಕಂಬಗಳ ಚಿತ್ರವನ್ನು 4096ಕ್ಕೆ ಇಳಿಸಿದರೆ ಅದು ತಿನ್ನುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಸ ಕಾರ್ಡಿಗೆ ಹಣ ಹೊಂದಿಸುವ ಮೊದಲು ಕಾಸಿಲ್ಲದ ಈ ಉಪಾಯವನ್ನು ಮಾಡಿ ನೋಡಿ ಎಂದೇ ನಾನು ಹೇಳುವುದು.

ಹೆಸರಿನ ಅಂಕಿ ದೊಡ್ಡದಾದಷ್ಟೂ ಮೆಮೊರಿ ಹೆಚ್ಚಿರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. 2021ರಲ್ಲಿ ಮೊದಲು ಬಂದ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಇತ್ತು. ಅದಕ್ಕಿಂತ ವೇಗವಾದ 3060 ಟಿಐ ಮತ್ತು 3070ರಲ್ಲಿ ಇದ್ದದ್ದು 8 ಜಿಬಿ. 4060 ಟಿಐ ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿ ಎಂದು ಎರಡು ಬಗೆಯಲ್ಲಿ ಬಂತು. ಆದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದರ ಕೇಳುವಾಗ ಬರೀ ಹೆಸರು ಹೇಳದೆ ಜಿಬಿಯನ್ನೂ ಹೇಳಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಎರಡು ಕಾರ್ಡ್ ಹಾಕಿದರೆ ಮೆಮೊರಿ ಎರಡು ಪಟ್ಟಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಇಲ್ಲ, ಪ್ರತಿ ಕಾರ್ಡೂ ಇಡೀ ದೃಶ್ಯವನ್ನು ತನ್ನೊಳಗೆ ತುಂಬಿಕೊಳ್ಳಬೇಕಾಗುತ್ತದೆ.

ಯಾವ ಕಂಪನಿಯದು ಎಂಬ ಪ್ರಶ್ನೆಗೆ ನಿಮ್ಮ ತಂತ್ರಾಂಶವೇ ಉತ್ತರಿಸಬೇಕು. ಎನ್‌ವಿಡಿಯಾ ತನ್ನ ಕಾರ್ಡುಗಳಲ್ಲಿ ಲೆಕ್ಕ ಮಾಡಿಸುವ ಕುಡಾ ಎಂಬ ವ್ಯವಸ್ಥೆಯನ್ನು 2007ರಲ್ಲಿ ಹೊರತಂದ ಮೇಲೆ ಹಲವು ರೆಂಡರ್ ಎಂಜಿನ್‌ಗಳು ಅದನ್ನೇ ನಂಬಿ ಬೆಳೆದವು. ಬ್ಲೆಂಡರ್ 2021ರ ಡಿಸೆಂಬರಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಹಲವು ಕಂಪನಿಗಳ ಕಾರ್ಡಿಗೆ ಒಗ್ಗುವ ಓಪನ್‌ಸಿಎಲ್ ಅನ್ನು ಕೈಬಿಟ್ಟು, ಈಗ ಎಎಂಡಿ ಕಾರ್ಡುಗಳಿಗೆ ಹಿಪ್, ಇಂಟೆಲ್ ಕಾರ್ಡುಗಳಿಗೆ ಒನ್‌ಎಪಿಐ ಎಂಬ ಅಂಥದೇ ವ್ಯವಸ್ಥೆಗಳನ್ನು ಬಳಸುತ್ತದೆ. ಎಎಂಡಿಯ 7900 ಎಕ್ಸ್‌ಟಿಎಕ್ಸ್‌ನಲ್ಲಿ 24 ಜಿಬಿ ಇರುವುದು ನನಗೂ ಆಸೆ ಹುಟ್ಟಿಸುತ್ತದೆ. ಆದರೆ ನೀವು ದಿನವೂ ಬಳಸುವ ಒಂದೇ ಒಂದು ಪ್ಲಗಿನ್ ಕುಡಾ ಕೇಳಿದರೂ ಆ 24 ಜಿಬಿ ಆ ಕೆಲಸಕ್ಕೆ ಒದಗುವುದಿಲ್ಲ.

ಮದುವೆ ವಿಡಿಯೊ ಮಾಡುವವರ ಕಷ್ಟ ಬೇರೆಯೇ. ಇಂದಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265 ಎಂಬ ಸಂಕುಚಿತ ರೂಪದಲ್ಲಿ 10 ಬಿಟ್, 4:2:2 ಎಂಬ, ಬಣ್ಣದ ವಿವರವನ್ನು ಹೆಚ್ಚು ಉಳಿಸಿಕೊಳ್ಳುವ ದೃಶ್ಯವನ್ನು ಬರೆಯುತ್ತವೆ. ಅದನ್ನು ಟೈಮ್‌ಲೈನಿಗೆ ಎಳೆದು, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಓಡಿಸಿ ನೋಡಿ. ವಿಡಿಯೊ ಡಿಕೋಡ್ ಎಂಬ ಗೆರೆ ನೆಲ ಹಿಡಿದು ಮಲಗಿದ್ದು, ಪ್ರೊಸೆಸರ್‌ನ ಗೆರೆ ನೂರಕ್ಕೆ ತಾಗಿದ್ದರೆ, ಕಾರ್ಡಿಗೆ ಆ ಕಡತವನ್ನು ಬಿಡಿಸಲು ಬರುವುದಿಲ್ಲ ಎಂದರ್ಥ. ಆರ್‌ಟಿಎಕ್ಸ್ 20, 30, 40 ಸರಣಿಗಳಲ್ಲಿ ಈ 4:2:2ನ್ನು ಬಿಡಿಸುವ ಸರ್ಕ್ಯೂಟ್ ಇರಲಿಲ್ಲ. 2025ರಲ್ಲಿ ಬಂದ 50 ಸರಣಿಯಲ್ಲಿ ಸೇರಿತು. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ಗೆ ಇದು ಮೊದಲಿನಿಂದಲೂ ಬರುತ್ತದೆ. ಒಂದಿಷ್ಟು ಹಣ ಉಳಿಯಿತೆಂದು ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಕೊಂಡವರು ಆ ಒಳಗ್ರಾಫಿಕ್ಸನ್ನೇ ಕಳೆದುಕೊಂಡಿರುತ್ತಾರೆ.

ಫೋಟೊಶಾಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಮಧ್ಯಮ ದರ್ಜೆಯ ಕಾರ್ಡ್ ಸಾಕು, ಉಳಿದ ಹಣ ರ‍್ಯಾಮ್‌ಗೆ ಹೋಗಲಿ. ಹಿಂದೆ ಕ್ವಾಡ್ರೊ ಎನ್ನುತ್ತಿದ್ದ ವೃತ್ತಿಪರ ಕಾರ್ಡುಗಳು ದೋಷ ತಿದ್ದುವ ಮೆಮೊರಿಗೆ ಮತ್ತು ಎಂಜಿನಿಯರಿಂಗ್ ತಂತ್ರಾಂಶಗಳಿಗಾಗಿ ಪ್ರಮಾಣೀಕರಿಸಿದ ಡ್ರೈವರ್‌ಗಳಿಗೆ ಹೆಸರಾದವು. ಆರ್‌ಟಿಎಕ್ಸ್ ಎ6000ದಲ್ಲಿ 48 ಜಿಬಿ ಇದೆ. ಯಂತ್ರಭಾಗಗಳ ವಿನ್ಯಾಸ ಮಾಡುವವರಿಗೆ ಆ ಬೆಲೆ ನ್ಯಾಯವೆನಿಸಬಹುದು. ಸಂಕಲನಕಾರರಿಗೆ ಸಾಮಾನ್ಯ ಕಾರ್ಡಿಗೆ ಉಚಿತವಾಗಿ ಸಿಗುವ ಸ್ಟುಡಿಯೊ ಡ್ರೈವರ್ ಸಾಕು ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ವಿದ್ಯುತ್ತು. ಆರ್‌ಟಿಎಕ್ಸ್ 4090 ಒಂದೇ 450 ವಾಟ್, 5090 ಒಂದೇ 575 ವಾಟ್ ಎಳೆಯಬಲ್ಲದು. ಮನೆಗಳಲ್ಲಿ ಮೇಜಿನ ಕೆಳಗೆ ಕಾಣುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ತಡೆಯುವುದು 360 ವಾಟ್. ರೆಂಡರ್ ನಡೆಯುತ್ತಿರುವಾಗ ಕರೆಂಟು ಹೋದರೆ ಅದು ಕೀ ಎಂದು ಒಮ್ಮೆ ಕೂಗಿ ಕೈಬಿಡುತ್ತದೆ. ಹಾಗಾಗಿ ಕಾರ್ಡಿನ ದರಪಟ್ಟಿ ಬರೆಯುವಾಗಲೇ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಮತ್ತು ಯುಪಿಎಸ್‌ಗಳ ದರವನ್ನೂ ಅದರ ಕೆಳಗೆ ಬರೆದುಕೊಳ್ಳಿ.