ಗೀತೆ ಕೇಳಿದ ಇಬ್ಬರು

ಎಲ್ಲ ಕೇಳುಗರಿಗೂ ನಮಸ್ಕಾರ.

ಭಗವದ್ಗೀತೆಯನ್ನು ಕೇಳಿದವರು ಯಾರು ಅಂದರೆ ಚಿಕ್ಕ ಮಕ್ಕಳೂ ಅರ್ಜುನ ಎನ್ನುತ್ತವೆ. ಸರಿಯೇ. ಆದರೆ ಅರಮನೆಯಲ್ಲಿ ಕೂತು ಇನ್ನೊಬ್ಬನೂ ಕೇಳಿದ. ಅವನು ಧೃತರಾಷ್ಟ್ರ. ಕೃಷ್ಣ ಹೇಳಿದ್ದನ್ನು ಸಂಜಯ ಒಂದು ಮಾತೂ ಬಿಡದೆ ಅವನಿಗೆ ಒಪ್ಪಿಸಿದ. 18 ಅಧ್ಯಾಯ, 700 ಶ್ಲೋಕ. ಅರ್ಜುನನಿಗೆ ಸಿಕ್ಕಿದ್ದೆಲ್ಲ ಈ ಮುದುಕನಿಗೂ ಸಿಕ್ಕಿತು. ಕೊನೆಯಲ್ಲಿ ಅರ್ಜುನ "ನನ್ನ ಮೋಹ ಹೋಯಿತು, ನೀನು ಹೇಳಿದ ಹಾಗೆ ಮಾಡುತ್ತೇನೆ" ಎಂದು ಎದ್ದು ನಿಂತ. ಧೃತರಾಷ್ಟ್ರ ಕೂತಲ್ಲೇ ಕೂತಿದ್ದ.

ಇನ್ನೊಂದು ವಿಷಯ ಗಮನಿಸಿ. ಸಂಜಯ ರಣರಂಗದಿಂದ ಬಂದು ಇದನ್ನೆಲ್ಲ ಹೇಳುವ ಹೊತ್ತಿಗೆ ಹತ್ತು ದಿನದ ಯುದ್ಧ ಮುಗಿದು ಭೀಷ್ಮ ಬಿದ್ದಾಗಿತ್ತು. ಇನ್ನೂ ಎಂಟು ದಿನ ಬಾಕಿ ಇತ್ತು. ದ್ರೋಣ, ಕರ್ಣ, ದುರ್ಯೋಧನ ಎಲ್ಲರೂ ಬದುಕಿದ್ದರು. ಗೀತೆ ಕೇಳಿದ ಆ ತಂದೆ, ಸಾಕು ನಿಲ್ಲಿಸಪ್ಪಾ ಅಂತ ಮಗನಿಗೆ ಹೇಳಿ ಕಳಿಸಲಿಲ್ಲ.

ಶಾಸ್ತ್ರ ಓದಿದರೆ ಮನುಷ್ಯ ಬದಲಾಗುತ್ತಾನೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಹಾಗಾದರೆ ಇವನಿಗೆ ಯಾಕೆ ನಾಟಲಿಲ್ಲ? ಕಡಿಮೆ ಕೇಳಿದ್ದ ಅನ್ನೋ ಹಾಗೂ ಇಲ್ಲ. ಯುದ್ಧಕ್ಕೆ ಮುಂಚೆ ಒಂದು ರಾತ್ರಿ ನಿದ್ದೆ ಬಾರದೆ ವಿದುರನನ್ನು ಕರೆಸಿಕೊಂಡಿದ್ದ. ಉದ್ಯೋಗಪರ್ವದಲ್ಲಿ ಬರುವ ವಿದುರನೀತಿ ಅದೇ. ರಾತ್ರಿಯೆಲ್ಲ ಕೇಳಿದ. ಕೇಳಿಯಾದ ಮೇಲೆ ಅವನು ಆಡುವ ಮಾತು, ನನ್ನ ಪ್ರಕಾರ, ಇಡೀ ಭಾರತದಲ್ಲೇ ತುಂಬ ಪ್ರಾಮಾಣಿಕವಾದದ್ದು. "ನೀನು ಹೇಳೋದು ಸರಿ ವಿದುರ. ನನ್ನ ಮನಸ್ಸೂ ಪಾಂಡವರ ಕಡೆಗೇ ವಾಲುತ್ತದೆ. ಆದರೆ ದುರ್ಯೋಧನ ಎದುರಿಗೆ ಬಂದ ಕೂಡಲೆ ತಿರುಗಿಬಿಡುತ್ತದೆ." ಯುದ್ಧವೆಲ್ಲ ಮುಗಿದ ಮೇಲೆ, ಭೀಮನನ್ನು ಅಪ್ಪಿಕೊಳ್ಳುವ ನೆಪದಲ್ಲಿ ಕಬ್ಬಿಣದ ಬೊಂಬೆಯನ್ನು ನುಚ್ಚುನೂರು ಮಾಡಿದವನೂ ಇವನೇ. ವಿದುರನೀತಿ ಆಗಿತ್ತು, ಗೀತೆ ಆಗಿತ್ತು. ಸಿಟ್ಟು ಮಾತ್ರ ಇದ್ದ ಹಾಗೇ ಇತ್ತು.

ವ್ಯತ್ಯಾಸ ಎಲ್ಲಿದೆ ಅಂತ ಗೀತೆಯಲ್ಲೇ ಹುಡುಕಿದರೆ ಸಿಗುತ್ತದೆ. ಧೃತರಾಷ್ಟ್ರ ಅದರಲ್ಲಿ ಬಾಯಿ ಬಿಡುವುದು ಒಂದೇ ಸಲ, ಮೊದಲನೇ ಶ್ಲೋಕದಲ್ಲಿ. ನನ್ನವರೂ ಪಾಂಡುವಿನ ಮಕ್ಕಳೂ ಏನು ಮಾಡಿದರು? ಅಂದರೆ ಅವನಿಗೆ ಬೇಕಾಗಿದ್ದು ಸುದ್ದಿ. ಅರ್ಜುನ ಹಾಗಲ್ಲ, ಉದ್ದಕ್ಕೂ ಪೀಡಿಸುತ್ತಾನೆ. ಇಷ್ಟವಿಲ್ಲದಿದ್ದರೂ ಯಾರೋ ದಬ್ಬಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾಕೆ? ಮನಸ್ಸು ನಿಲ್ಲೋದೇ ಇಲ್ಲ, ಗಾಳಿಯನ್ನು ಹಿಡಿದಷ್ಟು ಕಷ್ಟ, ಏನು ಮಾಡಲಿ? ಇವೆಲ್ಲ ಅವನ ಸ್ವಂತ ಸಂಕಟಗಳು. ಛಾಂದೋಗ್ಯ ಉಪನಿಷತ್ತಿನ ನಾರದನೂ ಹೀಗೆಯೇ. ನಾಲ್ಕು ವೇದ, ಪುರಾಣ, ಗಣಿತ ಎಲ್ಲ ಓದಿದ್ದೇನೆ, ಆದರೂ ದುಃಖದಲ್ಲಿದ್ದೇನೆ, ದಾಟಿಸಿ ಎಂದು ಸನತ್ಕುಮಾರನ ಮುಂದೆ ಕೂರುತ್ತಾನೆ.

ಈಗ ನಮ್ಮ ಕಡೆಗೆ ಬರೋಣ. ಜಯಚಾಮರಾಜ ಒಡೆಯರು ಋಗ್ವೇದವನ್ನೇ ಅರ್ಥಸಹಿತ ಕನ್ನಡದಲ್ಲಿ ಅಚ್ಚು ಹಾಕಿಸಿದರು, ಪುರಾಣಗಳನ್ನೂ ಹಾಕಿಸಿದರು. ಮೈಸೂರಿನ ಹಳೇ ಮನೆಗಳಲ್ಲಿ ಆ ಸಂಪುಟಗಳನ್ನು ಗಾಜಿನ ಬೀರುವಿನಲ್ಲಿ ನೋಡಬಹುದು. ಆಯುಧಪೂಜೆಗೆ ಹೊರಗೆ ಬರುತ್ತವೆ, ಅರಿಶಿನ ಕುಂಕುಮ ಆಗುತ್ತದೆ, ಒಳಗೆ ಹೋಗುತ್ತವೆ. ಜಾಸ್ತಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ.

ಮಂಡ್ಯ ಸೀಮೆಯಲ್ಲಿ ಬೇರೊಂದು ರೂಢಿ. ಅಲ್ಲಿ ಗದುಗಿನ ಭಾರತ ಓದಿಸುತ್ತಾರೆ. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸಬೇಕು ಅನ್ನುವ ನಂಬಿಕೆ ನಿಮಗೆಲ್ಲ ಗೊತ್ತು. ಒಬ್ಬರು ರಾಗವಾಗಿ ಪದ್ಯ ಹೇಳುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಈ ಎರಡರ ನಡುವೆ ಒಂದು ಸಣ್ಣ ಬಿಡುವು ಇರುತ್ತದೆ. ಕೇಳುವವನ ತಲೆ ಓಡುವುದು ಆ ಬಿಡುವಿನಲ್ಲೇ.

ಪಾಂಡವಪುರದ ಕಡೆ ಒಂದೂರಿನಲ್ಲಿ ನಾನೇ ಕಂಡದ್ದು. ತಾಲ್ಲೂಕಿನ ಹೆಸರಲ್ಲೇ ಪಾಂಡವರಿದ್ದಾರೆ, ಕುಂತಿಬೆಟ್ಟ ಕಣ್ಣೆದುರಿಗಿದೆ, ದಾಯಾದಿ ಜಗಳಕ್ಕೂ ಕೊರತೆಯಿಲ್ಲ. ರಾಮಮಂದಿರದ ಜಗಲಿಯಲ್ಲಿ ಸಂಧಾನದ ಭಾಗ ನಡೆದಿತ್ತು. ಸೂಜಿಮೊನೆಯಷ್ಟು ನೆಲವನ್ನೂ ಕೊಡೋದಿಲ್ಲ ಅನ್ನುವ ದುರ್ಯೋಧನನ ಹಟವನ್ನು ಅರ್ಥ ಹೇಳುವವರು ಬಣ್ಣಿಸುತ್ತಿದ್ದರು. ಹಿಂದಿನಿಂದ ಯಾರೋ, "ಏನಣ್ಣ, ನಿನ್ನ ಬದಿನ ಕತೆ ಬಂತಲ್ಲಣ್ಣೋ!" ಅಂದರು. ಜಗಲಿಯೆಲ್ಲ ನಕ್ಕಿತು. ಕಂಬಕ್ಕೆ ಒರಗಿದ್ದ ಒಬ್ಬ ಹಿರಿಯರು ಟವೆಲ್ ಕೊಡವಿ ಎದ್ದು ಹೊರಟೇಬಿಟ್ಟರು. ಕಬ್ಬಿನ ಗದ್ದೆಯ ಬದಿಗಾಗಿ ತಮ್ಮನ ಜೊತೆ ಅವರಿಗೆ ವರ್ಷಗಟ್ಟಲೆ ಮಾತಿಲ್ಲ. ಸರ್ವೆಯವರು ಅಳೆಯೋಕೆ ಬಂದಾಗ ಬೈದು ಕಳಿಸಿದ್ದರಂತೆ.

ಒಂದೆರಡು ಸಂಜೆ ಬಿಟ್ಟು ಅವರು ಮತ್ತೆ ಬಂದರು, ಅದೇ ಕಂಬದ ಹತ್ತಿರ ಕೂತರು. ಪರ್ವ ಮುಗಿಯುವವರೆಗೆ ಬಂದರು. ಆಮೇಲೆ ಸರ್ವೆಗೆ ಅರ್ಜಿ ಕೊಟ್ಟವರೂ ಅವರೇ. ಅಳತೆ ಹೇಗೆ ಬರುತ್ತೋ ಹಾಗೆ ಆಗಲಿ ಅಂದರಂತೆ. ತಮ್ಮನ ಜೊತೆ ಮಾತು ಈಗಲೂ ಅಷ್ಟಕ್ಕಷ್ಟೇ. ನನಗೆ ಅಷ್ಟೇ ಸಾಕು ಅನ್ನಿಸುತ್ತದೆ. ಅಣ್ಣ ತಮ್ಮ ಅಪ್ಪಿಕೊಂಡು ಅತ್ತರು ಅಂತ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ.

ಅವರಿಗೆ ತಾಗಿದ್ದು ಒಂದೇ ಮಾತು, ಅದೂ ಹಿತವಾದ ಮಾತಲ್ಲ. ನಾವು ಓದುವಾಗ ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಒಳ್ಳೇ ಸಾಲು ಬಂದರೆ ಅದು ನಮಗೆ. ಚುಚ್ಚುವ ಸಾಲು ಬಂದರೆ ತಕ್ಷಣ ಅತ್ತಿಗೆಯ ನೆನಪು, ಪಕ್ಕದ ಮನೆಯವರ ನೆನಪು. ಗಿಳಿ ಓದಿ ಏನು ಫಲ, ಬೆಕ್ಕು ಬರುವುದನ್ನೇ ಅದು ಹೇಳಲಾರದು ಎಂದು ಬಸವಣ್ಣನವರು ಹೇಳುವುದು ಇಂಥ ಓದಿಗೇ. ಎದುರಿನವರ ಗುಣ ಬಲ್ಲೆವು ಎನ್ನುವವರಿಗೆ ತಮ್ಮ ಗುಣ ತಿಳಿಯದು ಎಂಬುದೂ ಅದೇ ವಚನದಲ್ಲಿದೆ.

ಎಲ್ಲಿಂದ ಶುರು ಮಾಡೋಣ ಅಂತ ಕೇಳಿದರೆ ನಾನು ಗೀತೆಯ 17ನೇ ಅಧ್ಯಾಯದ 15ನೇ ಶ್ಲೋಕ ತೋರಿಸುತ್ತೇನೆ. ಮಾತಿನ ತಪಸ್ಸು ಅಂದರೆ ಏನು ಅಂತ ಅಲ್ಲಿ ಹೇಳಿದೆ. ಇನ್ನೊಬ್ಬರನ್ನು ಕೆರಳಿಸದ ಮಾತು. ಅದು ನಿಜವೂ ಆಗಿರಬೇಕು, ಪ್ರಿಯವೂ ಆಗಿರಬೇಕು, ಒಳ್ಳೆಯದನ್ನೂ ಮಾಡಬೇಕು. ಅದರ ಜೊತೆಗೇ, ಅದೇ ಶ್ಲೋಕದಲ್ಲಿ, ಶಾಸ್ತ್ರ ಓದುವ ಅಭ್ಯಾಸವನ್ನೂ ಸೇರಿಸಿದೆ. ಪಾರಾಯಣ ಮತ್ತು ಮನೆಯಲ್ಲಿ ಆಡುವ ಮಾತು, ಎರಡೂ ಒಂದೇ ತಪಸ್ಸು. ಬೆಳಗ್ಗೆ ಸ್ಪಷ್ಟವಾಗಿ ಗೀತೆ ಹೇಳಿ, ಕಾಫಿ ತಣ್ಣಗಾಯಿತು ಅಂತ ಸೊಸೆಯ ಮೇಲೆ ರೇಗಿದರೆ ಆ ದಿನದ ಪಾರಾಯಣ ಅರ್ಧಕ್ಕೇ ನಿಂತ ಹಾಗೆ.

ಈ ಒಂದು ಶ್ಲೋಕವನ್ನು ಒಂದು ತಿಂಗಳು ಇಟ್ಟುಕೊಳ್ಳಿ. ದಿನಕ್ಕೊಂದು ಅಧ್ಯಾಯ ಓಡಿಸುವುದು ಬೇಡ. ರಾತ್ರಿ ಮಲಗುವ ಮುಂಚೆ ಆ ದಿನ ಆಡಿದ ಮಾತುಗಳಲ್ಲಿ ಒಂದನ್ನು ತೆಗೆದುಕೊಂಡು ಈ ಶ್ಲೋಕದ ಪಕ್ಕದಲ್ಲಿಟ್ಟು ನೋಡಿ. ತಿಂಗಳಾದ ಮೇಲೆ ಬದಲಾವಣೆ ಆಯ್ತಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ, ಉತ್ತರ ಯಾವಾಗಲೂ ನಮ್ಮ ಪರವಾಗಿಯೇ ಬರುತ್ತದೆ. ಮನೆಯವರನ್ನು ಕೇಳಿ. ಅವರು ನಕ್ಕುಬಿಟ್ಟರೆ ಅದೇ ಶ್ಲೋಕವನ್ನು ಇನ್ನೊಂದು ತಿಂಗಳು ಮುಂದುವರಿಸಿ. ನಮಸ್ಕಾರ.