ಹಾಜರಿ ಎಲ್ಲಿ ಹಾಕಬೇಕು?

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗ್ಗೆ ಏಳೂವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯ ಯಾವುದಾದರೂ ರಸ್ತೆ ಬದಿ ನಿಂತು ನೋಡಿ. ಮಂಜು ಇನ್ನೂ ಕರಗಿರುವುದಿಲ್ಲ. ಒಂದರ ಹಿಂದೊಂದು ಪಿಕಪ್‌ಗಳು ಬರುತ್ತವೆ. ಹಿಂದೆ ಹೆಂಗಸರು, ಗಂಡಸರು ಒತ್ತಿಕೊಂಡು ನಿಂತಿರುತ್ತಾರೆ. ಕೈಯಲ್ಲಿ ಬುತ್ತಿ, ಕಾಲಬುಡದಲ್ಲಿ ಕತ್ತಿ. ಜಾಗ ಸಿಗದ ಇಬ್ಬರು ಹುಡುಗರು ಅಂಚಿನ ಮೇಲೆ ಕೂತಿರುತ್ತಾರೆ.

ತೋಟದಲ್ಲಿ ಹಾಜರಿ, ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ನಾನೂ ಹೀಗೆ ಜನರನ್ನು ಕರೆಸಿಕೊಂಡವನೇ. "ಎರಡು ಕಿಲೋಮೀಟರ್ ಅಲ್ವಾ, ಹತ್ತಿ ಹತ್ತಿ" ಎಂದವನೇ.

ಪಿಕಪ್ ಮೂಟೆಗೆಂದು ಮಾಡಿದ ಗಾಡಿ. ಮೂಟೆ ತಳದಲ್ಲಿ ಬಿದ್ದುಕೊಂಡಿರುತ್ತದೆ, ಕಟ್ಟಿದರೆ ಅಲ್ಲಾಡುವುದಿಲ್ಲ. ಮನುಷ್ಯ ನಿಂತಿರುತ್ತಾನೆ. ಭಾರವೆಲ್ಲ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಒಂದೇ ಕಡೆ ವಾಲುತ್ತಾರೆ. ವೇಗ ಸ್ವಲ್ಪ ಜಾಸ್ತಿಯಾದರೂ ಗಾಡಿ ಮಗುಚುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಕಾಯಿಸಿದರೆ ಅದು ಹಿಡಿಯುವುದನ್ನೇ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಹಳೆಯ ಡ್ರೈವರ್‌ಗಳು ಹೇಳುತ್ತಿದ್ದರು. ಈಗ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರೂ ಇದ್ದಾರೆ!

2024ರ ಮೇ 20ರಂದು ಛತ್ತೀಸಗಢದ ಕಬೀರಧಾಮ ಜಿಲ್ಲೆಯಲ್ಲಿ ಇಂಥದೇ ಒಂದು ಪಿಕಪ್ ಕಣಿವೆಗೆ ಬಿತ್ತು. ಅದರಲ್ಲಿದ್ದವರು ಬೈಗಾ ಆದಿವಾಸಿಗಳು. ಬೀಡಿ ಕಟ್ಟುವ ತೆಂದು ಎಲೆ ಕೊಯ್ದು ಕಾಡಿನಿಂದ ಮನೆಗೆ ಮರಳುತ್ತಿದ್ದರು. 19 ಜನ ಸತ್ತರು. ಹೆಚ್ಚಿನವರು ಹೆಂಗಸರು.

ದುಡ್ಡಿನ ಮಾತೂ ಇದೆ. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿಕೊಂಡು ಹೋದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆಗ ಹೊರೆ ಗಾಡಿ ಮಾಲೀಕನ ತಲೆಗೇ ಬರುತ್ತದೆ. ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇಲ್ಲ. ವಿಮೆ ಕಟ್ಟಿದ್ದೇನಲ್ಲ ಎಂದು ನೆಮ್ಮದಿಯಾಗಿರುತ್ತಾರೆ.

"ಜನರೇ ಹತ್ತುತ್ತಾರೆ, ಬೇಡ ಅಂದರೂ ಕೇಳಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಾಡಿ ತಪ್ಪಿದರೆ ಆ ದಿನದ ಕೂಲಿ ತಪ್ಪುತ್ತದೆ. ಇಳಿದು ನಿಲ್ಲುವ ಧೈರ್ಯ ಯಾರಿಗೆ ಬಂದೀತು? ತಲೆ ಎಣಿಸಬೇಕಾದವರು ಮಾಲೀಕರು, ಮೇಸ್ತ್ರಿಗಳು.

ಸಣ್ಣ ತೋಟದವರಿಗೆ ಮಿನಿ ಬಸ್ಸಿನ ಬಾಡಿಗೆ ಭಾರವೇ, ಇಲ್ಲ ಅನ್ನುವುದಿಲ್ಲ. ಆದರೆ ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಜನರನ್ನು ಒಯ್ಯುವ ಪರ್ಮಿಟ್ ಇರುವ ಒಂದು ಗಾಡಿ ಗೊತ್ತುಮಾಡಬಹುದು. ಸೀಟಿಗೆ ಒಬ್ಬರಂತೆ ಎರಡು ಟ್ರಿಪ್ ಹೊಡೆಸಬಹುದು. ಕತ್ತಿ, ಮರಗಸಿಗೆ ಅಂದರೆ ನೆರಳು ಮರದ ಕೊಂಬೆ ಕಡಿಯಲು ಬೇಕಾದ ಗರಗಸ ಎಲ್ಲ ಗೋಣಿಚೀಲದಲ್ಲಿ ಸುತ್ತಿ, ಕಳೆ ಹೊಡೆಯುವ ಮೆಷಿನ್ನಿನ ಪೆಟ್ರೋಲ್ ಕ್ಯಾನ್ ಜೊತೆಗೆ ಬೇರೆ ಗಾಡಿಯಲ್ಲಿ ಕಳಿಸಲಿ. ಆ ಕೆಲಸಕ್ಕೆ ಪಿಕಪ್ ಇದ್ದೇ ಇದೆ.

ಎರಡು ಟ್ರಿಪ್ ಅಂದ ಕೂಡಲೇ ಜಗಳ ಶುರುವಾಗುತ್ತದೆ, ನನಗೆ ಗೊತ್ತು. ಎರಡನೇ ಟ್ರಿಪ್ಪಿನವರು ತಡವಾಗಿ ಬಂದರು ಎಂದು ರೈಟರ್ ಕೂಲಿ ಮುರಿಯುತ್ತಾನೆ. ಆ ಹೆದರಿಕೆಗೇ ಎಲ್ಲರೂ ಮೊದಲ ಗಾಡಿಗೆ ನುಗ್ಗುವುದು. ಅದಕ್ಕೆ ನಾನು ಹೇಳುವುದಿಷ್ಟೇ: ಹಾಜರಿಯನ್ನು ತೋಟದ ಗೇಟಿನಲ್ಲಿ ಹಾಕಬೇಡಿ. ಜನ ಗಾಡಿಗೆ ಕಾಯುವ ಜಾಗದಲ್ಲೇ ಹಾಕಿ. ಅಲ್ಲಿ ಬಂದು ನಿಂತರೆ ಆ ದಿನದ ಹಾಜರಿ ಬಿತ್ತು ಎಂದಾದರೆ ಯಾರೂ ಅಂಚಿನ ಮೇಲೆ ಕೂರಬೇಕಾಗಿಲ್ಲ. ಮಂಜಿಗೆ ಪುಸ್ತಕ ಒದ್ದೆಯಾಗುತ್ತದೆ ಎಂದು ರೈಟರ್ ಗೊಣಗಬಹುದು. ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಲಿ.

ನಮಸ್ಕಾರ.